ಸಾಹಸ ಪಾತ್ರಧಾರಿ ಗಣಕ ಆಟಗಳು ಮತ್ತು ಹಂಪಿ ಪ್ರದೇಶ

ಆಟಗಾರ ಒಂದು ಕಲ್ಪಿತ ಪಾತ್ರವನ್ನು ವಹಿಸಿಕೊಂಡು, ಮಾಯಾಲೋಕವೊಂದರಲ್ಲಿ ಅಲೆದು, ತನ್ನ ಕೈಚಳಕದಿಂದಲೇ ವೈರಿಗಳೊಡನೆ ಕಾದಾಡಿ, ಗೆದ್ದಂತೆಲ್ಲ ಆ ಪಾತ್ರದ ಬಲವನ್ನು ಹೆಚ್ಚಿಸಿಕೊಳ್ಳುತ್ತ ಹೋಗುವ ಗಣಕ ಆಟಕ್ಕೆ ಸಾಹಸ ಪಾತ್ರಧಾರಿ ಆಟವೆಂದು ಹೆಸರು. ಆಡುವವರ ಬಾಯಲ್ಲಿ ಇದು ‘ಆಕ್ಷನ್ ಆರ್‌ಪಿಜಿ’. ಡಯಾಬ್ಲೊ, ಡಾರ್ಕ್ ಸೋಲ್ಸ್, ದಿ ವಿಚರ್ 3, ಎಲ್ಡನ್ ರಿಂಗ್, ಬ್ಲ್ಯಾಕ್ ಮಿತ್: ವುಕಾಂಗ್ ಈ ಪ್ರಕಾರದ ಹೆಸರಾಂತ ಆಟಗಳು. ಗಣಕಯಂತ್ರ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಮೊದಲಾದ ಆಟದ ಯಂತ್ರಗಳು ಹಾಗೂ ಮೊಬೈಲ್ ಫೋನ್‌ಗಳಲ್ಲಿ ಇವನ್ನು ಆಡುತ್ತಾರೆ.

ಕರ್ನಾಟಕಕ್ಕೂ ಈ ಪ್ರಕಾರಕ್ಕೂ ಮೂರು ಬಗೆಯ ನಂಟಿದೆ. ಬೆಂಗಳೂರಿನ ಸ್ಟುಡಿಯೊಗಳು ವಿದೇಶಿ ಆಟಗಳಿಗೆ ಚಿತ್ರ, ಮಾದರಿ, ಚಲನೆಗಳನ್ನು ಒದಗಿಸುತ್ತ ಬಂದಿವೆ. ಹೊಯ್ಸಳ ಮತ್ತು ವಿಜಯನಗರ ರಾಜ್ಯಗಳು ಹೊರಗಿನವರು ರೂಪಿಸಿದ ಆಟಗಳಲ್ಲಿ ಕಾಣಿಸಿಕೊಂಡಿವೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ, ಮರಿಯಮ್ಮನಹಳ್ಳಿಗಳನ್ನೊಳಗೊಂಡ ಪ್ರದೇಶದಲ್ಲಿ ಇಂಥ ಆಟಕ್ಕೆ ಬೇಕಾದ ಸ್ಥಳ, ಕಥೆ, ವೇಷಗಳು ಧಾರಾಳವಾಗಿವೆ. ಈ ಮೂರೂ ಇನ್ನೂ ಒಂದೆಡೆ ಸೇರಿಲ್ಲ.

ಆಟದ ರಚನೆ

ಪಾತ್ರಧಾರಿ ಆಟಗಳಲ್ಲಿ ಎರಡು ಮುಖ್ಯ ಕವಲುಗಳಿವೆ. ಸರದಿಯ ಆಟಗಳಲ್ಲಿ ಆಟಗಾರ ಯೋಚಿಸಿ ಆಜ್ಞೆ ಕೊಡುತ್ತಾನೆ. ಆ ಬಳಿಕ ವೈರಿಯ ಸರದಿ. 2023ರ ಬಾಲ್ಡರ್ಸ್ ಗೇಟ್ 3 ಈ ಬಗೆಯದು. ಸಾಹಸ ಪ್ರಕಾರದಲ್ಲಿ ಸರದಿ ಕಾಯುವುದಿಲ್ಲ. ವೈರಿ ಗದೆ ಎತ್ತಿದ ಕ್ಷಣದಲ್ಲೇ ಆಟಗಾರ ಪಕ್ಕಕ್ಕೆ ಉರುಳಬೇಕು, ಗುರಾಣಿ ಒಡ್ಡಬೇಕು ಅಥವಾ ಮುಂಚಿತವಾಗಿ ಹೊಡೆಯಬೇಕು. ಆದ್ದರಿಂದ ಇಲ್ಲಿ ಗೆಲುವು ಎರಡು ಕಡೆಯಿಂದ ಬರುತ್ತದೆ: ಒಂದು ಆಟಗಾರನ ಕೈ ಮತ್ತು ಕಣ್ಣಿನ ಚುರುಕು, ಇನ್ನೊಂದು ಪಾತ್ರ ಕೂಡಿಸಿಕೊಂಡ ಅಂಕಿಗಳ ಬಲ. ಒಂದು ಕಡಿಮೆಯಿದ್ದರೆ ಇನ್ನೊಂದರಿಂದ ಸರಿದೂಗಿಸಿಕೊಳ್ಳಬಹುದು. ಕೈ ಪಳಗದವನು ಮೊದಲು ಸಣ್ಣ ವೈರಿಗಳನ್ನು ಮತ್ತೆ ಮತ್ತೆ ಸೋಲಿಸಿ ಲೆವೆಲ್ ಏರಿಸಿಕೊಂಡು ದೊಡ್ಡ ವೈರಿಯ ಮೇಲೆ ಹೋಗುತ್ತಾನೆ. ಕೈ ಪಳಗಿದವನು ಕಡಿಮೆ ಲೆವೆಲ್‌ನಲ್ಲೇ ನುಗ್ಗುತ್ತಾನೆ.

ಪಾತ್ರದ ಬಲವನ್ನು ಶಕ್ತಿ, ಚುರುಕುತನ, ಬುದ್ಧಿ, ಆಯುಷ್ಯ ಮೊದಲಾದ ಗುಣಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಅಂಕಿ ಕೊಟ್ಟಿರುತ್ತಾರೆ. ವೈರಿಯನ್ನು ಕೊಂದರೆ ಅಥವಾ ಒಪ್ಪಿಕೊಂಡ ಕೆಲಸವನ್ನು ಮುಗಿಸಿದರೆ ಅನುಭವದ ಅಂಕಗಳು ಸಿಗುತ್ತವೆ. ಅವು ಒಂದು ಮಿತಿ ದಾಟಿದಾಗ ಲೆವೆಲ್ ಏರುತ್ತದೆ, ಹೊಸ ಅಂಕಗಳನ್ನು ಯಾವ ಗುಣಕ್ಕೆ ಸೇರಿಸಬೇಕೆಂಬುದನ್ನು ಆಟಗಾರನೇ ತೀರ್ಮಾನಿಸುತ್ತಾನೆ. ಪೆಟ್ಟಿನ ಲೆಕ್ಕ ಹೀಗೆ ನಡೆಯುತ್ತದೆ: ಕತ್ತಿಯ ಬಲ 40 ಇದ್ದು ವೈರಿಯ ಕವಚ ಅದರ ಕಾಲು ಭಾಗವನ್ನು ತಡೆದರೆ ತಗಲುವುದು 30. ವೈರಿಯ ಆಯುಷ್ಯ 300 ಇದ್ದರೆ ಹತ್ತು ಪೆಟ್ಟು ಬೇಕು. ಕತ್ತಿಯ ಬಲವನ್ನು 60ಕ್ಕೆ ಏರಿಸಿಕೊಂಡರೆ ಪ್ರತಿ ಪೆಟ್ಟಿಗೆ 45 ತಗಲಿ ಏಳರಲ್ಲೇ ಮುಗಿಯುತ್ತದೆ. ಮೂರು ಪೆಟ್ಟು ಉಳಿಯಿತೆಂದರೆ ಮೂರು ಬಾರಿ ಎದುರೇಟು ತಿನ್ನುವ ಅಪಾಯವೂ ತಪ್ಪಿತು. ಆಟಗಾರರು ಗಂಟೆಗಟ್ಟಲೆ ಆಯುಧ, ಕವಚ, ಉಂಗುರಗಳನ್ನು ಹೋಲಿಸಿ ನೋಡುತ್ತ ಕೂರುವುದು ಇದೇ ಕಾರಣಕ್ಕೆ. ಗುಣ, ಆಯುಧ, ವಿದ್ಯೆಗಳ ಇಂಥ ಒಂದು ಜೋಡಣೆಗೆ ಅವರು ‘ಬಿಲ್ಡ್’ ಎನ್ನುತ್ತಾರೆ. ಮಂತ್ರವಾದಿಯ ಬಿಲ್ಡ್, ಬಿಲ್ಲುಗಾರನ ಬಿಲ್ಡ್, ಭಾರೀ ಕೊಡಲಿಯ ಬಿಲ್ಡ್ ಹೀಗೆ ಒಂದೇ ಆಟವನ್ನು ಹಲವು ಬಗೆಗಳಲ್ಲಿ ಮತ್ತೆ ಆಡಬಹುದು.

ವೈರಿಗಳು ಸತ್ತಾಗ ಬಿಟ್ಟುಹೋಗುವ ವಸ್ತುಗಳೇ ‘ಲೂಟ್’. ಡಯಾಬ್ಲೊ ಮಾದರಿಯ ಆಟಗಳಲ್ಲಿ ಲೂಟ್ ಯಾದೃಚ್ಛಿಕ. ಒಂದೇ ಕತ್ತಿ ಒಮ್ಮೆ ಬೆಂಕಿಯ ಗುಣದೊಂದಿಗೂ ಇನ್ನೊಮ್ಮೆ ಆಯುಷ್ಯ ಹೀರುವ ಗುಣದೊಂದಿಗೂ ಸಿಗಬಹುದು, ಅದರ ಅಪರೂಪತನವನ್ನು ಬಣ್ಣದಿಂದ ಗುರುತಿಸಲಾಗುತ್ತದೆ. ಡಾರ್ಕ್ ಸೋಲ್ಸ್ ಮಾದರಿಯಲ್ಲಿ ಹೆಚ್ಚಿನ ವಸ್ತುಗಳಿಗೆ ಗೊತ್ತಾದ ಜಾಗಗಳಿದ್ದು, ಅವನ್ನು ಹುಡುಕಿ ತೆಗೆಯುವುದೇ ಆಟದ ಸ್ವಾರಸ್ಯ. ಅಲ್ಲಿ ಸತ್ತರೆ ಗಳಿಸಿದ ಅಂಕಗಳು ಸತ್ತ ಜಾಗದಲ್ಲೇ ಉಳಿಯುತ್ತವೆ. ಅಲ್ಲಿಗೆ ಮರಳಿ ತಲುಪುವ ಮೊದಲು ಇನ್ನೊಮ್ಮೆ ಸತ್ತರೆ ಅವು ಕೈತಪ್ಪಿದಂತೆ. ದಾರಿಯಲ್ಲಿ ಸಿಗುವ ಊರವರು, ವ್ಯಾಪಾರಿಗಳು, ಕಮ್ಮಾರರು ಯಂತ್ರವೇ ನಡೆಸುವ ಪಾತ್ರಗಳು. ಅವರ ಮಾತಿನಿಂದ ಕಥೆ ತಿಳಿಯುತ್ತದೆ, ಅವರು ವಹಿಸುವ ಕೆಲಸಗಳಿಂದ ಅಲೆದಾಟಕ್ಕೆ ಗುರಿ ಸಿಗುತ್ತದೆ. ಪ್ರತಿ ಘಟ್ಟದ ಕೊನೆಯಲ್ಲಿ ‘ಬಾಸ್’ ಎಂಬ ಪ್ರಬಲ ವೈರಿ ಕಾದಿರುತ್ತಾನೆ. ಅವನ ಪೆಟ್ಟುಗಳ ಕ್ರಮವನ್ನು ಸೋತು ಸೋತು ಕಲಿಯುವುದೇ ಅವನನ್ನು ಗೆಲ್ಲುವ ದಾರಿ.

ಇತಿಹಾಸ

ಪಾತ್ರಧಾರಿ ಆಟಗಳ ಮೂಲ ಇರುವುದು ಕಾಗದ ಮತ್ತು ದಾಳಗಳಲ್ಲಿ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಪ್ರಕಟಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಮೇಜಿನ ಸುತ್ತ ಕುಳಿತವರು ತಲಾ ಒಂದು ಪಾತ್ರ ವಹಿಸಿ, ಒಬ್ಬ ಸೂತ್ರಧಾರನ ನಿರೂಪಣೆಗೆ ತಕ್ಕಂತೆ ನಡೆದು, ದಾಳ ಎಸೆದು ಫಲಾಫಲ ತಿಳಿಯುತ್ತಿದ್ದರು. ಶಕ್ತಿ, ಬುದ್ಧಿಗಳಿಗೆ ಅಂಕಿ ಕೊಡುವ ಪದ್ಧತಿಯೂ ಲೆವೆಲ್ ಏರುವ ಕಲ್ಪನೆಯೂ ಹರಡಿದ್ದು ಇದರಿಂದ. 1981ರ ವಿಝರ್ಡ್ರಿ ಮತ್ತು ಅಲ್ಟಿಮಾ ಆಟಗಳು ಈ ಲೆಕ್ಕಾಚಾರವನ್ನು ಗಣಕಕ್ಕೆ ವಹಿಸಿದವು.

ಅದಕ್ಕೆ ಕೈಚಳಕವನ್ನು ಬೆರೆಸಿದವರಲ್ಲಿ ಜಪಾನಿನವರು ಮೊದಲಿಗರು. 1984ರಲ್ಲಿ ಬಂದ ಡ್ರ್ಯಾಗನ್ ಸ್ಲೇಯರ್ ಮತ್ತು ಹೈಡ್‌ಲೈಡ್ ಈ ಪ್ರಕಾರದ ಆರಂಭದ ಆಟಗಳು. ನಿಂಟೆಂಡೊ ಸಂಸ್ಥೆಯ ದಿ ಲೆಜೆಂಡ್ ಆಫ್ ಝೆಲ್ಡಾ (1986) ನಕ್ಷೆ ಹಿಡಿದು ಸ್ವಚ್ಛಂದವಾಗಿ ಅಲೆಯುವ ಸುಖವನ್ನು ಜನಪ್ರಿಯಗೊಳಿಸಿತು. ಬ್ಲಿಝರ್ಡ್ ಸಂಸ್ಥೆಯ ಡಯಾಬ್ಲೊವನ್ನು ಮೊದಲು ಸರದಿಯ ಆಟವಾಗಿಯೇ ಯೋಜಿಸಿದ್ದರು. ತಯಾರಿಯ ನಡುವೆ ಅದನ್ನು ನೇರ ಕಾದಾಟಕ್ಕೆ ಬದಲಿಸಲಾಯಿತು. 1996ರ ಕೊನೆಗೆ ಸಿದ್ಧವಾದ ಆ ಆಟ ಮತ್ತು 2000ದ ಡಯಾಬ್ಲೊ 2, ಮೌಸ್ ಒತ್ತಿ ಆಡುವ ಒಂದು ಇಡೀ ಪರಂಪರೆಗೆ ಮಾದರಿಯಾದವು.

2011 ಈ ಪ್ರಕಾರಕ್ಕೆ ಮಹತ್ವದ ವರ್ಷ. ಹಿಡೆಟಾಕ ಮಿಯಾಝಾಕಿ ನಿರ್ದೇಶಿಸಿದ ಡಾರ್ಕ್ ಸೋಲ್ಸ್ ಕಷ್ಟವನ್ನೇ ಆಕರ್ಷಣೆಯನ್ನಾಗಿಸಿತು. ಅದೇ ವರ್ಷದ ಸ್ಕೈರಿಮ್ ಎತ್ತ ಬೇಕಾದರೂ ಹೋಗಬಹುದಾದ ವಿಶಾಲ ನಾಡನ್ನು ಕೊಟ್ಟಿತು. ಪೋಲೆಂಡಿನ ಕಾದಂಬರಿಕಾರ ಆಂದ್ರೇ ಸಪ್ಕೋವ್‌ಸ್ಕಿ ಅವರ ಕೃತಿಗಳನ್ನು ಆಧರಿಸಿದ ದಿ ವಿಚರ್ 3 (2015) ಸಣ್ಣ ಊರುಗಳ ಸಣ್ಣ ಕಥೆಗಳನ್ನೂ ಮುಖ್ಯ ಕಥೆಯಷ್ಟೇ ಶ್ರದ್ಧೆಯಿಂದ ಹೇಳಿತು. ಚೀನಾದ ಗೆನ್‌ಶಿನ್ ಇಂಪ್ಯಾಕ್ಟ್ (2020) ಫೋನಿನಲ್ಲೂ ಉಚಿತವಾಗಿ ಆಡಬಹುದಾದ ಆಟ. ಮಿಯಾಝಾಕಿ ಅವರ ಎಲ್ಡನ್ ರಿಂಗ್ (2022) ಆಟದ ಪೌರಾಣಿಕ ಹಿನ್ನೆಲೆಯನ್ನು ರೂಪಿಸುವಲ್ಲಿ ಕಾದಂಬರಿಕಾರ ಜಾರ್ಜ್ ಆರ್.ಆರ್. ಮಾರ್ಟಿನ್ ಪಾಲುಗೊಂಡರು.

ಕನ್ನಡ ಓದುಗರಿಗೆ ಹೆಚ್ಚು ಹತ್ತಿರವಾಗುವ ಆಟ 2024ರ ಆಗಸ್ಟ್ 20ರಂದು ಬಿಡುಗಡೆಯಾದ ಬ್ಲ್ಯಾಕ್ ಮಿತ್: ವುಕಾಂಗ್. ಇದರ ಹಿನ್ನೆಲೆ ನಮ್ಮ ಹನುಮಂತನನ್ನು ನೆನಪಿಸುವ, ಚೀನೀಯರ ಕಪಿವೀರನ ಪುರಾಣ. ಚೀನಾದ ಗೇಮ್ ಸೈನ್ಸ್ ಸಂಸ್ಥೆ ದೇಶದ ಹಳೆಯ ದೇವಾಲಯ, ಗುಹೆ, ಶಿಲ್ಪಗಳನ್ನು ಯಂತ್ರದಿಂದ ಅಳೆದು ಆಟದೊಳಗೆ ತಂದಿತು. ಹೀಗೆ ಬಳಸಿಕೊಂಡ 36 ತಾಣಗಳಲ್ಲಿ 27 ಶಾನ್ಸಿ ಪ್ರಾಂತವೊಂದರಲ್ಲೇ ಇವೆ. ಮೂರು ದಿನಗಳಲ್ಲಿ ಒಂದು ಕೋಟಿ ಪ್ರತಿಗಳು ಮಾರಾಟವಾದವು. ಆಟ ಆಡಿದವರು ಆ ದೇವಾಲಯಗಳನ್ನು ನೋಡಲು ಶಾನ್ಸಿಗೆ ಹೊರಟರು. ಸ್ಥಳೀಯ ಪುರಾಣ ಮತ್ತು ಸ್ಥಳೀಯ ಶಿಲ್ಪವೇ ಜಾಗತಿಕ ಆಟದ ಬಂಡವಾಳವಾಗಬಲ್ಲದೆಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

ಭಾರತದಲ್ಲಿ

ಭಾರತೀಯ ಪುರಾಣವನ್ನು ಬಳಸಿದ ಸಾಹಸ ಆಟಗಳು ಕೆಲವೇ. ಹೈದರಾಬಾದಿನ ಓಗರ್ ಹೆಡ್ ಸ್ಟುಡಿಯೊ 2017ರಲ್ಲಿ ಹೊರತಂದ ‘ಅಸುರ’ ನೇರವಾಗಿ ಈ ಪ್ರಕಾರಕ್ಕೆ ಸೇರಿದ ಆಟ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ಬಿಡುಗಡೆ ಮಾಡಿದ ‘ರಾಜಿ’ಯಲ್ಲಿ ಬಾಲಕಿಯೊಬ್ಬಳು ಅಸುರರು ಹೊತ್ತೊಯ್ದ ತಮ್ಮನನ್ನು ಹುಡುಕಿ ಹೊರಡುತ್ತಾಳೆ. ಅದರ ಕೋಟೆ, ಅರಮನೆಗಳಿಗೆ ರಾಜಸ್ಥಾನದ ವಾಸ್ತುಶಿಲ್ಪ ಪ್ರೇರಣೆ. ರಾಜಿಯಲ್ಲಿ ಪಾತ್ರವರ್ಧನೆಯ ಲೆಕ್ಕಾಚಾರ ಕಡಿಮೆ, ಸಾಹಸ ಹೆಚ್ಚು. ಆದರೂ ಭಾರತದ ಸಣ್ಣ ತಂಡವೊಂದು ಈ ಮಟ್ಟದ ಆಟವನ್ನು ಮಾಡಬಲ್ಲದೆಂದು ಅದು ತೋರಿಸಿಕೊಟ್ಟಿತು.

ಬೆಂಗಳೂರಿನ ಪಾತ್ರ ಬೇರೆ ಬಗೆಯದು. ರಾಜೇಶ್ ರಾವ್ 1997ರಲ್ಲಿ ಸ್ಥಾಪಿಸಿದ ಧ್ರುವ ಇಂಟರ್‌ಆ್ಯಕ್ಟಿವ್ ದೇಶದ ಆರಂಭದ ಆಟ ತಯಾರಿಕಾ ಸಂಸ್ಥೆಗಳಲ್ಲಿ ಒಂದು. ವಿದೇಶಿ ಸಂಸ್ಥೆಗಳ ದೊಡ್ಡ ಆಟಗಳಿಗೆ ಚಿತ್ರಕಲೆ ಮತ್ತು ಮೂರು ಆಯಾಮದ ಮಾದರಿಗಳನ್ನು ಮಾಡಿಕೊಡುವುದು ಅದರ ಮುಖ್ಯ ಕೆಲಸವಾಯಿತು. 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆ ಅದನ್ನು ಕೊಂಡು ತನ್ನ ಬೆಂಗಳೂರು ಸ್ಟುಡಿಯೊದೊಂದಿಗೆ ವಿಲೀನಗೊಳಿಸಿತು. ಅನಿಮೇಷನ್, ದೃಶ್ಯಪರಿಣಾಮ, ಆಟ, ಕಾಮಿಕ್ಸ್‌ಗಳಿಗಾಗಿ ಪ್ರತ್ಯೇಕ ನೀತಿಯನ್ನು 2012ರಲ್ಲೇ ತಂದ ಕರ್ನಾಟಕ, ಅಂಥ ನೀತಿ ರೂಪಿಸಿದ ಮೊದಲ ರಾಜ್ಯ. ಅದರ ಮೂರನೆಯ ಆವೃತ್ತಿ 2024–29ರ ಅವಧಿಯದು. ನೀತಿಯಿಂದ ಬೆಳೆದ ಕೌಶಲದ ಬಹುಪಾಲು ಬೆಂಗಳೂರಿನಲ್ಲೇ ಉಳಿದಿದೆ, ಹೊರದೇಶದ ಕಥೆಗಳಿಗೇ ಹೆಚ್ಚಾಗಿ ದುಡಿದಿದೆ.

ಆಟಗಳಲ್ಲಿ ಕರ್ನಾಟಕ

ಕನ್ನಡ ನಾಡಿನ ಇತಿಹಾಸ ಅತಿ ವಿಸ್ತಾರವಾಗಿ ಕಾಣಿಸಿಕೊಂಡ ದೊಡ್ಡ ಸಾಹಸ ಆಟ ನಾಟಿ ಡಾಗ್ ಸಂಸ್ಥೆಯ ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ (2017). ಕ್ಲೋಯಿ ಫ್ರೇಝರ್ ಮತ್ತು ನಾಡೀನ್ ರಾಸ್ ಎಂಬಿಬ್ಬರು ಹೆಂಗಸರು ಗಣೇಶನ ದಂತವನ್ನು ಹುಡುಕುತ್ತ ಪಶ್ಚಿಮ ಘಟ್ಟಕ್ಕೆ ಬರುತ್ತಾರೆ. ಹೊಯ್ಸಳರು, ಹಳೇಬೀಡು, ಬೇಲೂರುಗಳ ಹೆಸರುಗಳು ಕಥೆಯುದ್ದಕ್ಕೂ ಬರುತ್ತವೆ. ಆಟದ ಹಳೇಬೀಡು ಕಾಡು, ಜಲಪಾತಗಳ ನಡುವಿನ ಪಾಳುನಗರ. ಹಾಸನ ಜಿಲ್ಲೆಯ ನಿಜವಾದ ಹಳೇಬೀಡು ಬಯಲುಸೀಮೆಯಲ್ಲಿ ಹೊಲ, ಕೆರೆಗಳ ನಡುವೆ ಇದೆ. ಮಹಾಕಾಯ ವಿಗ್ರಹಗಳನ್ನು ಕಡೆದು ನಿಲ್ಲಿಸಿದ ಆಟದ ದೃಶ್ಯಗಳಿಗೂ, ಬಳಪದ ಕಲ್ಲಿನಲ್ಲಿ ಅಂಗುಲ ಅಂಗುಲವಾಗಿ ಸೂಕ್ಷ್ಮ ಕೆತ್ತನೆ ಮಾಡಿದ ಹೊಯ್ಸಳ ಶೈಲಿಗೂ ಹೋಲಿಕೆ ಅಲ್ಪ. ಪರಿಶ್ರಮ ದೊಡ್ಡದಿದ್ದರೂ ಅದು ದೂರದಿಂದ ಕಂಡ ಕರ್ನಾಟಕ.

ವಿಜಯನಗರ ಕಾಣಿಸಿಕೊಂಡಿರುವುದು ಪ್ರಧಾನವಾಗಿ ಯುದ್ಧತಂತ್ರದ ಆಟಗಳಲ್ಲಿ. ಯೂರೋಪಾ ಯೂನಿವರ್ಸಾಲಿಸ್ 4ರಲ್ಲಿ (2013) ಆಟಗಾರ 1444ರಿಂದ ವಿಜಯನಗರದ ಆಳ್ವಿಕೆ ನಡೆಸಬಹುದು. 2024ರಲ್ಲಿ ಅಮೆರಿಕದ ಜಿಎಂಟಿ ಗೇಮ್ಸ್ ಪ್ರಕಟಿಸಿದ ‘ವಿಜಯನಗರ’ ಎಂಬ ಹಲಗೆಯಾಟದಲ್ಲಿ ದೆಹಲಿ, ಬಹಮನಿ, ವಿಜಯನಗರಗಳು ದಖ್ಖನಿಗಾಗಿ ಸೆಣಸುತ್ತವೆ. ಇವುಗಳಲ್ಲಿ ವಿಜಯನಗರ ನಕ್ಷೆಯ ಮೇಲಿನ ಒಂದು ಬಣ್ಣ, ಒಂದು ಪಕ್ಷ. ಅದರ ಬಜಾರಿನಲ್ಲಿ ನಡೆದಾಡುವ, ಕೋಟೆಬಾಗಿಲಿನಲ್ಲಿ ಕಾವಲುಗಾರನೊಡನೆ ಮಾತಾಡುವ ಅವಕಾಶ ಆಟಗಾರನಿಗೆ ಸಿಗುವುದಿಲ್ಲ. ಅದನ್ನು ಕೊಡಬಲ್ಲದ್ದು ಪಾತ್ರಧಾರಿ ಆಟ.

ಹಂಪಿ ಪ್ರದೇಶ: ಸ್ಥಳ

ಪಾತ್ರಧಾರಿ ಆಟವನ್ನು ರೂಪಿಸುವವರು ಮೊದಲು ಬಿಡಿಸುವುದು ನಕ್ಷೆಯನ್ನು. ಎತ್ತರದಿಂದ ಗುರಿ ಕಾಣಬೇಕು, ನೇರ ದಾರಿಗೆ ಅಡ್ಡಿಯಿರಬೇಕು, ಸುತ್ತು ದಾರಿಯಲ್ಲಿ ಬೆರಗು ಕಾದಿರಬೇಕು. ಹಂಪಿಯ ನೆಲ ಈ ಮೂರನ್ನೂ ಸಹಜವಾಗಿ ಪೂರೈಸುತ್ತದೆ. ಮತಂಗ ಪರ್ವತದ ತುದಿಯಲ್ಲಿ ನಿಂತರೆ ವಿರೂಪಾಕ್ಷನ ಗೋಪುರ, ಅಚ್ಯುತರಾಯ ದೇವಾಲಯ, ತುಂಗಭದ್ರೆ, ಆಚೆ ದಡದ ಆನೆಗೊಂದಿ ಎಲ್ಲವೂ ಕಾಣುತ್ತವೆ. ಆದರೆ ಗುಂಡುಬಂಡೆಗಳ ರಾಶಿ, ಹೊಳೆ, ಕಾಲುವೆ, ಕೋಟೆಗೋಡೆಗಳಿಂದಾಗಿ ಯಾವುದಕ್ಕೂ ನೇರ ದಾರಿಯಿಲ್ಲ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಝಾಕ್ ಒಂದರೊಳಗೊಂದರಂತೆ ಏಳು ಸುತ್ತಿನ ಕೋಟೆಯನ್ನು ಬಣ್ಣಿಸಿದ್ದಾನೆ. ಘಟ್ಟದಿಂದ ಘಟ್ಟಕ್ಕೆ ವೈರಿಯ ಬಲ ಏರುತ್ತ ಹೋಗುವ ಆಟಕ್ಕೆ ಇದು ಸಿದ್ಧ ವಿನ್ಯಾಸ. ದಕ್ಷಿಣಕ್ಕೆ ಸಂಡೂರಿನ ಕಬ್ಬಿಣದ ಅದಿರಿನ ಬೆಟ್ಟಗಳು, ಅವುಗಳ ಕಾಡಿನ ನಡುವೆ ಕುಮಾರಸ್ವಾಮಿ ದೇವಾಲಯ; ಪೂರ್ವಕ್ಕೆ ಹೊಳೆದಡದ ಕಂಪ್ಲಿ; ನೈಋತ್ಯಕ್ಕೆ ಮರಿಯಮ್ಮನಹಳ್ಳಿ, ಅದರ ಪಕ್ಕದಲ್ಲಿ ತುಂಗಭದ್ರಾ ಅಣೆಕಟ್ಟೆಯ ಹಿನ್ನೀರು ಮತ್ತು ಅದರಡಿ ಮುಳುಗಿದ ನಾರಾಯಣದೇವರಕೆರೆ.

ಈ ನೆಲವನ್ನು ಗಣಕದೊಳಗೆ ತರುವ ಕೆಲಸ ಈಗಾಗಲೇ ನಡೆದಿದೆ. ಇಂಥ ಪ್ರಯತ್ನಗಳಲ್ಲಿ ಪ್ರಮುಖವಾದದ್ದು ‘ಪ್ಲೇಸ್-ಹಂಪಿ’. ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ ಅವರ ನೇತೃತ್ವದಲ್ಲಿ ಸಿದ್ಧವಾಗಿ 2006ರಲ್ಲಿ ಫ್ರಾನ್ಸಿನ ಲಿಲ್ ನಗರದಲ್ಲಿ ಮೊದಲು ಪ್ರದರ್ಶನಗೊಂಡ ಈ ಕಲಾಕೃತಿಯಲ್ಲಿ ನೋಡುಗ ಸಿಲಿಂಡರ್ ಆಕಾರದ ಪರದೆಯ ನಡುವೆ ತಿರುಗುವ ವೇದಿಕೆಯ ಮೇಲೆ ನಿಂತು, ವಿಶೇಷ ಕನ್ನಡಕ ಧರಿಸಿ, ತಾನೇ ದಿಕ್ಕು ಆರಿಸಿಕೊಂಡು ಹಂಪಿಯೊಳಗೆ ಸಾಗುತ್ತಾನೆ. ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ತೆಗೆದ ಸುತ್ತುನೋಟದ ಛಾಯಾಚಿತ್ರಗಳು, ಎಲ್. ಸುಬ್ರಹ್ಮಣ್ಯಂ ಅವರ ಸಂಗೀತ ಮತ್ತು ಬೆಂಗಳೂರಿನ ಪ್ಯಾಪ್ರಿಕಾಸ್ ಸ್ಟುಡಿಯೊ ಅನಿಮೇಷನ್‌ನಲ್ಲಿ ರೂಪಿಸಿದ ದೇವತೆಗಳು ಅದರಲ್ಲಿ ಕೂಡಿವೆ. 2012ರಲ್ಲಿ ಇದು ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಜೆಎಸ್‌ಡಬ್ಲ್ಯು ಉಕ್ಕು ಕಾರ್ಖಾನೆಯ ಬಡಾವಣೆಯ ‘ಕಲಾಧಾಮ’ದಲ್ಲಿ ನೆಲೆಗೊಂಡಿತು. ಇಲ್ಲಿ ಕಾದಾಟವಿಲ್ಲ, ಲೆವೆಲ್ ಇಲ್ಲ. ಆದ್ದರಿಂದ ಇದು ಆಟವಲ್ಲ. ಆದರೆ ತನ್ನಿಚ್ಛೆಯಂತೆ ಅಲೆಯುವ ಅನುಭವವನ್ನು ಹಂಪಿಯ ನಿಜ ದೃಶ್ಯಗಳಲ್ಲೇ ಕೊಟ್ಟ ಕೃತಿಯೆಂಬ ಕಾರಣಕ್ಕೆ ಈ ಪ್ರದೇಶದಲ್ಲಿ ಪಾತ್ರಧಾರಿ ಆಟಕ್ಕೆ ಅತ್ಯಂತ ಸಮೀಪ ಬಂದ ಪ್ರಯತ್ನ.

ಎರಡನೆಯದು ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಬೆಂಬಲಿಸಿದ ಭಾರತೀಯ ಡಿಜಿಟಲ್ ಪರಂಪರೆ ಯೋಜನೆ. ಅದು ಹಂಪಿಯನ್ನೇ ತನ್ನ ಮುಖ್ಯ ಅಧ್ಯಯನ ಕ್ಷೇತ್ರವಾಗಿ ಆರಿಸಿಕೊಂಡಿತು. ದೆಹಲಿಯ ಐಐಟಿ, ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ, ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಮೊದಲಾದ ಸಂಸ್ಥೆಗಳ ತಜ್ಞರು ಇದರಲ್ಲಿ ದುಡಿದರು. ಒಂದೇ ಕಂಬವನ್ನು ಎಲ್ಲ ಕೋನಗಳಿಂದ ತೆಗೆದ ನೂರಾರು ಚಿತ್ರಗಳನ್ನು ಗಣಕ ಹೊಂದಿಸಿ ನೋಡಿ ಮೂರು ಆಯಾಮದ ಮಾದರಿ ಕಟ್ಟುವುದು, ಮುರಿದ ಶಿಲ್ಪದ ಕಳೆದುಹೋದ ಭಾಗವನ್ನು ಲೆಕ್ಕಾಚಾರದಿಂದ ತುಂಬುವುದು ಇಂಥ ವಿಧಾನಗಳ ವಿವರ 2017ರಲ್ಲಿ ಪ್ರಕಟವಾದ ‘ಡಿಜಿಟಲ್ ಹಂಪಿ’ ಗ್ರಂಥದಲ್ಲಿದೆ. ವುಕಾಂಗ್ ಆಟದವರು ಶಾನ್ಸಿಯಲ್ಲಿ ಬಳಸಿದ ತಂತ್ರವೂ ತತ್ತ್ವದಲ್ಲಿ ಇದೇ. ಹೀಗೆ ಸಿದ್ಧವಾದ ಮಾದರಿಗಳು ಲಕ್ಷಾಂತರ ತ್ರಿಕೋನಗಳಿಂದ ಕೂಡಿದ್ದು ತೀರ ಭಾರವಾಗಿರುತ್ತವೆ. ಸೆಕೆಂಡಿಗೆ 30 ಅಥವಾ 60 ಚಿತ್ರಗಳನ್ನು ಮೂಡಿಸಬೇಕಾದ ಆಟದಲ್ಲಿ ಅವನ್ನು ಹಗುರಗೊಳಿಸಿಯೇ ಬಳಸಬೇಕು. ಆ ಕಲೆ ಬೆಂಗಳೂರಿನ ಸ್ಟುಡಿಯೊಗಳಿಗೆ ಚೆನ್ನಾಗಿ ಗೊತ್ತು.

ಹಂಪಿ ಪ್ರದೇಶ: ಕಥೆ

ಪ್ರದೇಶದ ಕಥೆಗಳಲ್ಲಿ ಮೊದಲು ಮನಸ್ಸಿಗೆ ಬರುವುದು ಕಿಷ್ಕಿಂಧೆ. ಹಂಪಿ–ಆನೆಗೊಂದಿಯ ಸುತ್ತಲಿನ ನೆಲವನ್ನು ವಾಲಿ ಸುಗ್ರೀವರ ರಾಜ್ಯವೆಂದೂ, ಅಂಜನಾದ್ರಿಯನ್ನು ಹನುಮಂತನ ಜನ್ಮಸ್ಥಳವೆಂದೂ ಜನ ನಂಬುತ್ತಾರೆ. ಋಷ್ಯಮೂಕ, ಪಂಪಾಸರೋವರ, ಮತಂಗ ಪರ್ವತಗಳು ಕಥೆಯಲ್ಲೂ ಇವೆ, ನೆಲದ ಮೇಲೂ ಇವೆ. ವಾಲಿ ಕಾಲಿಡಲಾರದ ಮತಂಗ ಪರ್ವತದ ಆಶ್ರಯ, ಎದುರಾಳಿಯ ಅರ್ಧ ಬಲವನ್ನು ಹೀರುವ ವಾಲಿಯ ವರ ಇವು ಆಟದ ನಿಯಮಗಳಾಗಿಯೇ ಹೇಳಿ ಮಾಡಿಸಿದಂತಿವೆ. ಮುಂದೆ ನಿಂತು ಕಾದಿದರೆ ಸೋಲು ಖಚಿತವಾದ ಬಾಸ್‌ನನ್ನು ಎದುರಿಸಲು ಬೇರೆ ಉಪಾಯ ಹುಡುಕಬೇಕಾದ ಇಕ್ಕಟ್ಟು ಅಲ್ಲಿದೆ. ಆರಾಧ್ಯ ದೇವರನ್ನು ಆಟದ ಪಾತ್ರವಾಗಿಸುವಾಗ ಭಕ್ತರ ಭಾವನೆಯ ಪ್ರಶ್ನೆ ಏಳುತ್ತದೆ. ಹನುಮಂತ ಸೋತು ಸಾಯುವ ದೃಶ್ಯವನ್ನು ಯಾರೂ ಒಪ್ಪಲಾರರು. ವಾನರಸೇನೆಯ ಹೆಸರಿಲ್ಲದ ಕಪಿಯೊಬ್ಬನನ್ನು ನಾಯಕನನ್ನಾಗಿಸಿದರೆ ಈ ತೊಡಕು ಬಹುಮಟ್ಟಿಗೆ ನೀಗುತ್ತದೆ.

ಎರಡನೆಯದು ಕುಮಾರರಾಮನ ಕಥೆ. ಕಂಪಿಲರಾಯನ ಮಗನಾದ ಈ ವೀರ ಕುಮ್ಮಟದುರ್ಗದಲ್ಲಿದ್ದು 14ನೆಯ ಶತಮಾನದ ಆರಂಭದಲ್ಲಿ ದೆಹಲಿಯ ತುಘಲಕ್ ಸೇನೆಯನ್ನು ಎದುರಿಸಿದವನು; ಕಂಪಿಲ ರಾಜ್ಯ 1327ರ ಸುಮಾರಿಗೆ ಬಿತ್ತು. ನಂಜುಂಡ ಕವಿ 16ನೆಯ ಶತಮಾನದಲ್ಲಿ ಅವನ ಮೇಲೆ ಸಾಂಗತ್ಯ ಕಾವ್ಯ ಬರೆದ. ಕಥೆ ಜನಪದ ಹಾಡು, ಬಯಲಾಟಗಳಲ್ಲೂ ಉಳಿದಿದೆ. ಮಲತಾಯಿ ರತ್ನಾಜಿಯ ಬಯಕೆಗೆ ಒಪ್ಪದ ರಾಮನ ಮೇಲೆ ಆಕೆ ಸುಳ್ಳು ದೂರು ಹೊರಿಸುತ್ತಾಳೆ. ರಾಜ ಮರಣದಂಡನೆ ವಿಧಿಸುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ನೆಲಮಾಳಿಗೆಯಲ್ಲಿ ಅಡಗಿಸಿಟ್ಟು ಬೇರೊಂದು ತಲೆ ತೋರಿಸುತ್ತಾನೆ. ರಾಮ ಸತ್ತನೆಂದು ತಿಳಿದು ಶತ್ರು ಮತ್ತೆ ಮುತ್ತಿದಾಗ ಅವನು ಹೊರಬಂದು ಕಾದುತ್ತಾನೆ. ಕೊನೆಗೆ ಮಾತಂಗಿಯೆಂಬ ಸೇನಾನಾಯಕಿಯ ಎದುರು ಮಡಿಯುತ್ತಾನೆ. ಈ ಕಥೆಯಲ್ಲಿ ಅಡಗುತಾಣವಿದೆ, ಒಳಸಂಚಿದೆ, ಮುತ್ತಿಗೆಯಿದೆ, ಬಲಿಷ್ಠ ಎದುರಾಳಿಯಿದ್ದಾಳೆ. ಎಲ್ಲಕ್ಕಿಂತ ಮಿಗಿಲಾಗಿ, ಸೋಲು ಗೊತ್ತಿದ್ದೂ ಹೋರಾಡುವ ನಾಯಕನಿದ್ದಾನೆ. ಸಾವನ್ನೇ ಪಾಠವಾಗಿಸುವ ಡಾರ್ಕ್ ಸೋಲ್ಸ್ ಮಾದರಿಗೆ ಕನ್ನಡದಲ್ಲಿ ಇದಕ್ಕಿಂತ ಹೊಂದುವ ಕಥೆ ವಿರಳ.

ಹಂಪಿ ಪ್ರದೇಶ: ವೇಷ

ವೇಷ ಕಟ್ಟಿ ಬೇರೊಬ್ಬರಾಗುವುದು ಇಲ್ಲಿಗೆ ಹೊಸದಲ್ಲ. ಬಳ್ಳಾರಿ, ವಿಜಯನಗರ ಜಿಲ್ಲೆಗಳು ದೊಡ್ಡಾಟ, ಹಗಲುವೇಷ, ತೊಗಲುಗೊಂಬೆಯಾಟಗಳ ನೆಲೆ. ವಿಜಯನಗರ ಜಿಲ್ಲೆಯ ಹೊಸಪೇಟೆ ತಾಲ್ಲೂಕಿಗೆ ಸೇರಿದ ಮರಿಯಮ್ಮನಹಳ್ಳಿ ರಂಗಕಲಾವಿದರ ಊರೆಂದೇ ಹೆಸರಾಗಿದೆ. ಯಲ್ಲಮ್ಮನ ಕಥೆಯನ್ನು ಹಾಡಿ ಕುಣಿದು ತೋರುವ ಜೋಗತಿ ಕಲೆಯ ಮಂಜಮ್ಮ ಜೋಗತಿ ಇದೇ ಊರಿನಲ್ಲಿ ನೆಲೆಸಿದವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದಿತು.

ದೊಡ್ಡಾಟದ ರಚನೆಯನ್ನು ಪಾತ್ರಧಾರಿ ಆಟದ ಪಕ್ಕದಲ್ಲಿಟ್ಟು ನೋಡಿದರೆ ಹಲವು ಸಾಮ್ಯಗಳು ಕಾಣುತ್ತವೆ. ರಂಗಕ್ಕೆ ಬಂದ ಪ್ರತಿ ವೇಷವನ್ನೂ ಸಾರಥಿ ನಿಲ್ಲಿಸಿ, ಯಾರು, ಯಾವ ದೇಶ, ಬಂದ ಕಾರಣವೇನು ಎಂದು ಕೇಳುತ್ತಾನೆ. ಉತ್ತರದಿಂದ ಕಥೆ ತೆರೆದುಕೊಳ್ಳುತ್ತದೆ. ಆಟದಲ್ಲಿ ಊರಬಾಗಿಲಿನ ಕಾವಲುಗಾರನೋ ಮುದುಕಿಯೋ ಮಾಡುವುದು ಇದನ್ನೇ. ಕಿರೀಟ, ಭುಜಕೀರ್ತಿ, ಎದೆಕಟ್ಟುಗಳಿಂದ ಪಾತ್ರದ ಅಂತಸ್ತು, ಸ್ವಭಾವಗಳನ್ನು ದೂರದಿಂದಲೇ ಗುರುತಿಸಬಹುದು. ಆಟದ ಕವಚಗಳೂ ಹಾಗೇ ಗುರುತಾಗಬೇಕು. ಯುದ್ಧದ ಕುಣಿತಕ್ಕೆ ಗೊತ್ತಾದ ಹೆಜ್ಜೆ, ತಾಳ, ಬಿಡುವುಗಳಿವೆ. ಬಾಸ್‌ನ ಪೆಟ್ಟುಗಳನ್ನು ಕಲಿಯುವುದೂ ತಾಳ ಹಿಡಿಯುವ ಕೆಲಸವೇ. ಕಲಾವಿದನ ಮೈಗೆ ಸಂವೇದಕಗಳನ್ನು ಕಟ್ಟಿ ಚಲನೆಯನ್ನು ದಾಖಲಿಸುವ ತಂತ್ರವನ್ನು ಆಟ ತಯಾರಕರು ದಿನವೂ ಬಳಸುತ್ತಾರೆ. ದೊಡ್ಡಾಟದ ರಾಕ್ಷಸ ವೇಷದ ಹೆಜ್ಜೆಯನ್ನು ಹೀಗೆ ದಾಖಲಿಸಿದರೆ ಜಗತ್ತಿನ ಬೇರಾವ ಆಟದಲ್ಲೂ ಇರದ ಚಲನೆ ಸಿಗುತ್ತದೆ, ಕಲಾವಿದರಿಗೆ ಹೊಸ ಸಂಪಾದನೆಯ ದಾರಿಯೂ ತೆರೆಯುತ್ತದೆ.

ಭಾಷೆ ಮತ್ತು ಸಲಕರಣೆ

ಎಲ್ಡನ್ ರಿಂಗ್, ದಿ ವಿಚರ್ 3, ಡಯಾಬ್ಲೊ 4 ಮೊದಲಾದ ದೊಡ್ಡ ಆಟಗಳಲ್ಲಿ ಕನ್ನಡದ ಆಯ್ಕೆಯಿಲ್ಲ. ಕಾದಾಟವನ್ನು ಭಾಷೆಯಿಲ್ಲದೆ ಆಡಬಹುದು; ಆದರೆ ಸಂಭಾಷಣೆ, ಆಯುಧಗಳ ವಿವರ, ಒಗಟುಗಳು ಇಂಗ್ಲಿಷ್ ತಿಳಿಯದವರಿಗೆ ದಕ್ಕುವುದಿಲ್ಲ. ಕಟ್ಟುವ ಆಟವಾದ ಮೈನ್‌ಕ್ರಾಫ್ಟ್‌ನ ಗಣಕ ಆವೃತ್ತಿಯಲ್ಲಿ ಸ್ವಯಂಸೇವಕರು ಅನುವಾದಿಸಿದ ಕನ್ನಡ ಲಭ್ಯವಿದೆ. ಜನ ಮನಸ್ಸು ಮಾಡಿದರೆ ಸಾಧ್ಯವೆಂಬುದಕ್ಕೆ ಅದು ಸಾಕ್ಷಿ.

ತಾಂತ್ರಿಕ ತೊಡಕೂ ಒಂದಿದೆ. ಕನ್ನಡದ ಒತ್ತಕ್ಷರ, ಅರ್ಕಾವತ್ತುಗಳು ಸರಿಯಾಗಿ ಮೂಡಲು ಅಕ್ಷರಗಳನ್ನು ಹಿಂದುಮುಂದು ಮಾಡಿ ಜೋಡಿಸುವ ಪ್ರತ್ಯೇಕ ತಂತ್ರಾಂಶ ಬೇಕು. ಯೂನಿಟಿ ಎಂಬ ಜನಪ್ರಿಯ ಆಟ ತಯಾರಿಕಾ ತಂತ್ರಾಂಶದ ಸಾಮಾನ್ಯ ಬರಹ ವ್ಯವಸ್ಥೆ ಬಹುಕಾಲ ಇದನ್ನು ಮಾಡುತ್ತಿರಲಿಲ್ಲ. ‘ಸ್ತ್ರೀ’ಯಂಥ ಪದ ಒಡೆದು ಕಾಣುತ್ತಿತ್ತು. ಉಚಿತವಾಗಿ ಸಿಗುವ ಗೋಡೋ ತಂತ್ರಾಂಶದ 4ನೆಯ ಆವೃತ್ತಿ (2023) ಇಂಥ ಲಿಪಿಗಳನ್ನು ಸರಿಯಾಗಿ ಮೂಡಿಸುತ್ತದೆ. ಹೀಗಾಗಿ ಕನ್ನಡದಲ್ಲಿ ಆಟ ಮಾಡಲು ಲಿಪಿ ಈಗ ಅಡ್ಡಿಯಲ್ಲ.

ಸಲಕರಣೆಯ ಬೆಲೆ ಇಂದಿಗೂ ಅಡ್ಡಿಯೇ. ಎಲ್ಡನ್ ರಿಂಗ್‌ಗೆ ಕನಿಷ್ಠ 12 ಜಿಬಿ ರ‍್ಯಾಮ್ ಮತ್ತು 60 ಜಿಬಿ ಜಾಗ ಬೇಕು. ವುಕಾಂಗ್‌ಗೆ 16 ಜಿಬಿ ರ‍್ಯಾಮ್, 130 ಜಿಬಿ ಜಾಗ. ಜೊತೆಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರಬೇಕು. ಸಣ್ಣ ಊರುಗಳ ಬಹುತೇಕ ಯುವಕರಿಗೆ ಆಟದ ಯಂತ್ರವೆಂದರೆ ಫೋನೇ. 2016ರ ಬಳಿಕ ಮೊಬೈಲ್ ಡೇಟಾ ಅಗ್ಗವಾದದ್ದರಿಂದ ಫೋನಿನ ಗುಂಡಿನ ಕಾಳಗದ ಆಟಗಳು ಹಬ್ಬಿದವು. ಅವುಗಳಲ್ಲಿ ಪಂದ್ಯ ಮುಗಿದರೆ ಕಥೆಯೂ ಮುಗಿಯಿತು. ಪಾತ್ರ ಬೆಳೆಯುತ್ತ ಹೋಗುವ ಸುಖ ಅಲ್ಲಿ ಕಡಿಮೆ.

ಆರೋಗ್ಯ ಮತ್ತು ಕಾನೂನು

ಲೆವೆಲ್, ಲೂಟ್‌ಗಳ ಆಸೆ ಆಟಗಾರನನ್ನು ಹಿಡಿದು ಕೂರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೆಯ ಆವೃತ್ತಿ 2022ರಲ್ಲಿ ಜಾರಿಗೆ ಬಂದಾಗಿನಿಂದ ಆಟದ ಗೀಳು ಅದರಲ್ಲಿ ಸ್ಥಾನ ಪಡೆದಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ಕೇಡು ಕಂಡರೂ ನಿಲ್ಲಿಸಲಾಗದಿರುವುದು ಇದರ ಲಕ್ಷಣಗಳು. ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಇವು ಮುಂದುವರಿದಿರಬೇಕು. ರಜೆಯಲ್ಲಿ ನಾಲ್ಕು ದಿನ ಹೆಚ್ಚು ಆಡಿದ್ದನ್ನು ಗೀಳೆನ್ನಲಾಗದು. ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ಇದಕ್ಕಾಗಿಯೇ ‘ಶಟ್’ ಎಂಬ ಚಿಕಿತ್ಸಾಲಯವನ್ನು ನಡೆಸುತ್ತಿದೆ.

2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯ್ದೆ ಹಣ ಪಣವಿಡುವ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆ ಮತ್ತು ಸಾಮಾಜಿಕ ಆಟಗಳನ್ನು ಅವುಗಳಿಂದ ಪ್ರತ್ಯೇಕಿಸಿದೆ. ಒಮ್ಮೆ ಕೊಂಡು ಮನೆಯಲ್ಲಿ ಆಡುವ ಪಾತ್ರಧಾರಿ ಆಟದಲ್ಲಿ ಪಣವಿಲ್ಲ. ಉಚಿತ ಆಟಗಳಲ್ಲಿ ಪಾತ್ರ, ಆಯುಧಗಳನ್ನು ಒಳಗೇನಿದೆಯೆಂದು ಮೊದಲೇ ತಿಳಿಯದ ಪೆಟ್ಟಿಗೆಗಳಲ್ಲಿಟ್ಟು ಲಾಟರಿಯಂತೆ ಮಾರುವ ಕ್ರಮದ ಬಗ್ಗೆ ಪೋಷಕರು ಎಚ್ಚರವಾಗಿರಬೇಕು. ಇಂಥ ಪೆಟ್ಟಿಗೆಗಳ ಮಾರಾಟವನ್ನು ಬೆಲ್ಜಿಯಂ 2018ರಲ್ಲೇ ಜೂಜೆಂದು ಪರಿಗಣಿಸಿತು.

ಮುನ್ನೋಟ

ಈ ಪ್ರಕಾರದಲ್ಲಿ ಕನ್ನಡದ ಕೊರತೆ ಕಥೆಯದಲ್ಲ, ಕುಶಲತೆಯದೂ ಅಲ್ಲ; ಅವೆರಡನ್ನೂ ಕೂಡಿಸುವ ಬಂಡವಾಳ ಮತ್ತು ಸಂಕಲ್ಪದ್ದು. ವುಕಾಂಗ್‌ನಂಥ ಬೃಹತ್ ಆಟವನ್ನೇ ಗುರಿಯಾಗಿಟ್ಟುಕೊಂಡರೆ ಕೆಲಸ ಆರಂಭವಾಗುವುದೇ ಇಲ್ಲ. ಕುಮ್ಮಟದುರ್ಗವೊಂದನ್ನೇ ನೆಲೆಯಾಗಿಸಿ, ಕುಮಾರರಾಮನೊಬ್ಬನನ್ನೇ ನಾಯಕನಾಗಿಸಿ, ಎರಡು ಮೂರು ಗಂಟೆಗಳಲ್ಲಿ ಫೋನಿನಲ್ಲೇ ಆಡಿ ಮುಗಿಸಬಹುದಾದ ಸಣ್ಣ ಆಟ ಕಾಲೇಜು ವಿದ್ಯಾರ್ಥಿಗಳ ತಂಡಕ್ಕೂ ಎಟುಕುವಂಥದ್ದು. ಅದಕ್ಕೆ ಬೇಕಾದ ಪಠ್ಯ ಮತ್ತು ಜಾನಪದ ಸಂಗ್ರಹವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಒದಗಿಸಬಲ್ಲದು. ಚಲನೆ ಮತ್ತು ದನಿಯನ್ನು ಮರಿಯಮ್ಮನಹಳ್ಳಿಯಂಥ ಊರುಗಳ ಕಲಾವಿದರು ಕೊಡಬಲ್ಲರು. ರಾಜ್ಯದ ನೀತಿಯಡಿ ಕೊಡುವ ನೆರವಿನಲ್ಲಿ ಒಂದು ಪಾಲನ್ನು ಕನ್ನಡದಲ್ಲೇ ಸಿದ್ಧವಾಗುವ ಇಂಥ ಆಟಗಳಿಗೆ ಮೀಸಲಿಡುವುದು ಮೊದಲು ಆಗಬೇಕಾದ ಕೆಲಸ.